ಬಾಲಮಂದಿರದ ಗೇಟು ದಾಟಿದ ಮೇಲೆ

ಬಾಲಮಂದಿರದಲ್ಲಿ ಬೆಳೆದ ಹುಡುಗ ಹುಡುಗಿಯರಿಗೆ 18 ತುಂಬಿದ ಮೇಲೆ, ಅವರು ಸ್ವಂತ ಕಾಲ ಮೇಲೆ ನಿಲ್ಲುವವರೆಗೆ ಸಿಗಬೇಕಾದ ಆಸರೆಗೆ ಅನುಪಾಲನೆ ಎಂದು ಹೆಸರು. 2015ರ ಬಾಲನ್ಯಾಯ ಕಾಯ್ದೆಯ 46ನೇ ಸೆಕ್ಷನ್ ಇದಕ್ಕೆ ಆಧಾರ. 2016ರ ಮಾದರಿ ನಿಯಮಗಳ ಪ್ರಕಾರ 21 ವರ್ಷದವರೆಗೆ, ವಿಶೇಷ ಸಂದರ್ಭಗಳಲ್ಲಿ ಇನ್ನೂ ಎರಡು ವರ್ಷ ಈ ನೆರವು ಮುಂದುವರಿಯಬಹುದು.

ಇವರಲ್ಲಿ ಒಂದು ಗುಂಪು ಬಾಲ್ಯದಲ್ಲಿ ದೌರ್ಜನ್ಯಕ್ಕೆ ಒಳಗಾದವರದು. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆಗೆ 2012ರಲ್ಲಿ ಪೋಕ್ಸೊ ಕಾಯ್ದೆ ಬಂತು. ಅದರಡಿ ದಾಖಲಾಗುವ ಪ್ರಕರಣಗಳಲ್ಲಿ ಆರೋಪಿ ಬಹುಪಾಲು ಮಗುವಿಗೆ ಗೊತ್ತಿರುವವನೇ: ನೆರೆಯವನು, ನೆಂಟ, ಕೆಲವೊಮ್ಮೆ ಮನೆಯವನೇ. ಮನೆಯೇ ಅಪಾಯವಾದಾಗ ಮಕ್ಕಳ ಕಲ್ಯಾಣ ಸಮಿತಿ ಮಗುವನ್ನು ಬಾಲಮಂದಿರಕ್ಕೋ ಸ್ವಯಂಸೇವಾ ಸಂಸ್ಥೆಗೋ ಒಪ್ಪಿಸುತ್ತದೆ. ತಪ್ಪು ಮಾಡಿದವನು ಜಾಮೀನಿನ ಮೇಲೆ ಊರಿಗೆ ಮರಳಬಹುದು. ಊರು, ಶಾಲೆ, ಗೆಳತಿಯರನ್ನು ಬಿಟ್ಟು ಹೊರಡಬೇಕಾದದ್ದು ಮಾತ್ರ ಮಗು.

ಒಳಗಿನ ಬದುಕಿಗೆ ಒಂದು ಕಟ್ಟು ಇರುತ್ತದೆ. ಗಂಟೆ ಹೊಡೆದಾಗ ಊಟ, ಗಂಟೆ ಹೊಡೆದಾಗ ನಿದ್ದೆ. ಸಂತೆಗೆ ಹೋಗಿ ಅರ್ಧ ಕೆಜಿ ಟೊಮೆಟೊ ತರುವುದು, ಚಿಲ್ಲರೆ ಎಣಿಸುವುದು, ಸಿಟಿ ಬಸ್ಸಿನ ನಂಬರು ನೋಡಿ ಹತ್ತುವುದು ಅನೇಕರಿಗೆ 18ರವರೆಗೂ ಅಭ್ಯಾಸವೇ ಆಗಿರುವುದಿಲ್ಲ. ರಾತ್ರಿ ಒಬ್ಬರೇ ಮಲಗಿ ಗೊತ್ತಿರುವುದಿಲ್ಲ. ಆದ್ದರಿಂದ ನಿಯಮಗಳು ಆರೆಂಟು ಜನ ಸೇರಿ ಇರುವ ಗುಂಪು ಮನೆಗಳನ್ನು ಸೂಚಿಸಿವೆ. ಅಡುಗೆ ಸರದಿ, ಗ್ಯಾಸ್ ಬುಕಿಂಗ್, ಕರೆಂಟ್ ಬಿಲ್, ಮನೆ ಮಾಲೀಕರೊಂದಿಗೆ ಮಾತು, ಎಲ್ಲವನ್ನೂ ಅವರೇ ನೋಡಿಕೊಳ್ಳಬೇಕು. ತರಬೇತಿ ಎಂದಾಗ ಯಾರೂ ಇದನ್ನು ಮೊದಲು ನೆನೆಯುವುದಿಲ್ಲ. ಆದರೆ ಉಳಿದದ್ದೆಲ್ಲ ನಿಲ್ಲುವುದು ಇದರ ಮೇಲೆಯೇ.

ಕಸುಬಿನ ತರಬೇತಿಯಲ್ಲಿ ಹಳೆಯ ಜಾಡು ಇನ್ನೂ ಪೂರ್ತಿ ಅಳಿದಿಲ್ಲ: ಹುಡುಗಿಯರಿಗೆ ಹೊಲಿಗೆ ಮತ್ತು ಬ್ಯೂಟಿ ಪಾರ್ಲರ್, ಹುಡುಗರಿಗೆ ಎಲೆಕ್ಟ್ರಿಷಿಯನ್. ಐಟಿಐ, ನರ್ಸಿಂಗ್, ಹೋಟೆಲ್ ಕೆಲಸ, ಕಂಪ್ಯೂಟರ್, ಪದವಿ ಓದು ಎಲ್ಲಕ್ಕೂ ಅವಕಾಶವಿದೆ. ಆಯ್ಕೆ ಮಾಡುವಾಗ ಅಂಕಪಟ್ಟಿಯೊಂದನ್ನೇ ನೋಡಿದರೆ ಸಾಲದು. ಅಪರಿಚಿತರ ಸ್ಪರ್ಶ ಸಹಿಸಲಾಗದವಳಿಗೆ ಪಾರ್ಲರ್ ಕೆಲಸ ಹಿಂಸೆಯಾಗಬಹುದು. ಮೇಲ್ವಿಚಾರಕ ದನಿ ಏರಿಸಿದ ದಿನವೇ ಕೆಲಸ ಬಿಟ್ಟು ಬಂದವನನ್ನು ಸೋಮಾರಿ ಎಂದುಬಿಡುವುದು ಸುಲಭ; ಆ ದನಿ ಅವನಿಗೆ ಇನ್ನಾರದ್ದೋ ದನಿಯನ್ನು ನೆನಪಿಸಿರಬಹುದು. ಆಪ್ತಸಮಾಲೋಚಕರು ನಿಯಮಿತವಾಗಿ ಸಂಪರ್ಕದಲ್ಲಿರಬೇಕೆಂದು ನಿಯಮವೇ ಹೇಳುವುದು ಇದಕ್ಕಾಗಿ. ಕಷ್ಟದಲ್ಲಿರುವ ಮಕ್ಕಳ ಮಾನಸಿಕ ಆರೈಕೆಯಲ್ಲಿ ಕೆಲಸಗಾರರನ್ನು ತರಬೇತುಗೊಳಿಸಲು ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 'ಸಂವಾದ್' ಎಂಬ ಕೇಂದ್ರವಿದೆ. ಮೈಸೂರಿನ ಒಡನಾಡಿ ಸೇವಾ ಸಂಸ್ಥೆ ಮಾನವ ಸಾಗಣೆ ಮತ್ತು ಲೈಂಗಿಕ ಶೋಷಣೆಯಿಂದ ಪಾರಾದವರ ಪುನರ್ವಸತಿಗೆ ದಶಕಗಳಿಂದ ದುಡಿಯುತ್ತಿದೆ.

ಹಣದ ಕಡೆ ಬಂದರೆ, ಕೇಂದ್ರದ ಮಿಷನ್ ವಾತ್ಸಲ್ಯ ಯೋಜನೆಯ ಮಾರ್ಗಸೂಚಿಯಲ್ಲಿ ಅನುಪಾಲನೆಗೆ ತಿಂಗಳಿಗೆ 4,000 ರೂಪಾಯಿ ನಿಗದಿಯಾಗಿದೆ. ಬೆಂಗಳೂರಿನಲ್ಲಿ ಪಿ.ಜಿ.ಯ ಬಾಡಿಗೆಗೇ ಅದು ಸಾಲುವುದು ಕಷ್ಟ. ದೌರ್ಜನ್ಯಕ್ಕೆ ಒಳಗಾದವರಿಗೆ ಸಿಗುವ ಪರಿಹಾರದ ಹಣ ಬೇರೆ. ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರದ 2018ರ ಯೋಜನೆಯಂತೆ ಸಂತ್ರಸ್ತೆ ಅಪ್ರಾಪ್ತಳಾಗಿದ್ದರೆ ಶೇ 80ರಷ್ಟು ಮೊತ್ತ ಠೇವಣಿಯಲ್ಲಿರುತ್ತದೆ. ಅವಳು ಪ್ರಾಪ್ತಳಾಗುವ ಮುನ್ನ, ಮೂರು ವರ್ಷವಾದರೂ ಕಳೆಯುವ ಮುನ್ನ ಅದು ಸಾಮಾನ್ಯವಾಗಿ ಕೈಗೆ ಬರುವುದಿಲ್ಲ. ವರ್ಷಗಟ್ಟಲೆ ಇತ್ತ ತಲೆ ಹಾಕದ ನೆಂಟರಿಗೂ ಆಗ ಮಗಳ ನೆನಪಾಗಬಹುದು. ಪಾಸ್‌ಬುಕ್ ಯಾರ ಕೈಗೂ ಕೊಡದಿರುವುದು, ಒಟಿಪಿ ಹೇಳದಿರುವುದು, ಸಾಲ ಕೇಳಿದವರಿಗೆ ಇಲ್ಲವೆನ್ನುವುದು ಕೂಡ ಕಲಿಸಿಕೊಡಬೇಕಾದ ವಿದ್ಯೆಗಳೇ.

ಕಾಗದಪತ್ರಗಳ ತೊಡಕು ಇನ್ನೊಂದು. ಆಧಾರ್, ಜಾತಿ ಮತ್ತು ಆದಾಯ ಪ್ರಮಾಣಪತ್ರ, ಪಡಿತರ ಚೀಟಿ ಎಲ್ಲೆಲ್ಲೂ ವಿಳಾಸದ ಕಾಲಂ ಇದೆ. ಬಾಲಮಂದಿರದ ವಿಳಾಸ ಕೊಟ್ಟರೆ ಕೆಲಸ ಕೊಡುವವರ ಪ್ರಶ್ನೆಗಳು ಶುರುವಾಗಬಹುದು. ಸಂತ್ರಸ್ತ ಮಗುವಿನ ಗುರುತನ್ನು ಬಹಿರಂಗಪಡಿಸುವುದು ಅಪರಾಧ. ದೊಡ್ಡವರಾದ ಮೇಲೆ ಯಾರಿಗೆ ಎಷ್ಟು ಹೇಳಬೇಕೆಂಬುದು ಅವರವರಿಗೆ ಬಿಟ್ಟದ್ದು. ಇನ್ನು ಮದುವೆಯ ಮಾತು. ಆಸರೆಯಿಲ್ಲದ ಹೆಣ್ಣುಮಕ್ಕಳಿಗಾಗಿರುವ ಮಹಿಳಾ ನಿಲಯಗಳಲ್ಲಿ ನಡೆಯುವ ಮದುವೆಗಳು ಪತ್ರಿಕೆಗಳಲ್ಲಿ ಚಿತ್ರಸಹಿತ ಬರುತ್ತವೆ, ಪುನರ್ವಸತಿ ಮುಗಿಯಿತೆಂಬ ಧಾಟಿಯಲ್ಲಿ. ವಧುವಿಗೆ ಕೆಲಸವಿದೆಯೇ, ಅವಳ ಹೆಸರಿನಲ್ಲಿ ಖಾತೆ ಇದೆಯೇ ಎಂಬುದು ಆ ವರದಿಗಳಲ್ಲಿ ಸಾಮಾನ್ಯವಾಗಿ ಇರುವುದಿಲ್ಲ.

ಮೊಕದ್ದಮೆ ಮಾತ್ರ ವಯಸ್ಸನ್ನು ಕಾಯುವುದಿಲ್ಲ. ವಿಚಾರಣೆ ಸಾಧ್ಯವಾದಷ್ಟೂ ಒಂದು ವರ್ಷದೊಳಗೆ ಮುಗಿಯಬೇಕೆಂದು ಪೋಕ್ಸೊ ಹೇಳಿದರೂ ಎಷ್ಟೋ ಪ್ರಕರಣಗಳು ಎಳೆಯುತ್ತವೆ. ಹೊಸ ಕೆಲಸಕ್ಕೆ ಸೇರಿದ ತಿಂಗಳಲ್ಲೇ ಸಾಕ್ಷಿ ಹೇಳಲು ಸಮನ್ಸ್ ಬರಬಹುದು. ರಜೆ ಕೇಳಲು ಕಾರಣ ಹೇಳಬೇಕು, ಹೇಳುವಂತಿಲ್ಲ. ತನಿಖೆ ಮತ್ತು ವಿಚಾರಣೆಯ ಉದ್ದಕ್ಕೂ ಮಗುವಿನ ಜೊತೆಗಿರಲು 2020ರ ಪೋಕ್ಸೊ ನಿಯಮಗಳಡಿ ಬೆಂಬಲ ವ್ಯಕ್ತಿಯೊಬ್ಬರನ್ನು ನೇಮಿಸಲಾಗುತ್ತದೆ. ಹಿಂದಿನ ದಿನ ಫೋನ್ ಮಾಡಿ, ಬೆಳಿಗ್ಗೆ ಬಸ್ ನಿಲ್ದಾಣಕ್ಕೆ ಬಂದು, ನ್ಯಾಯಾಲಯದ ಕಾರಿಡಾರಿನಲ್ಲಿ ಪಕ್ಕದಲ್ಲಿ ಕೂರುವವರು ಅವರು.