ಗೌರವದ ಆಹ್ವಾನ, ಖರೀದಿಯ ಹೊಣೆ

ಅಮೆರಿಕದ ಕಾಲೇಜು ಫುಟ್‌ಬಾಲ್ ಋತುವಿನ ಅಂತ್ಯದಲ್ಲಿ ‘ಬೌಲ್’ ಪಂದ್ಯಗಳು ನಡೆಯುತ್ತವೆ. 1902ರಲ್ಲಿ ಪ್ಯಾಸಡೀನಾದಲ್ಲಿ ಆರಂಭವಾದ ರೋಸ್ ಬೌಲ್ ಇವುಗಳಲ್ಲಿ ಅತ್ಯಂತ ಹಳೆಯದು. ಆಹ್ವಾನ ದೊರೆಯುವುದು ಗೌರವವೇ ಸರಿ. ಆದರೆ ಲೆಕ್ಕಪುಸ್ತಕದ ಎರಡೂ ಬದಿಗಳನ್ನು ನೋಡಬೇಕು.

2011ರ ಜನವರಿ 1ರ ಫಿಯೆಸ್ಟಾ ಬೌಲ್‌ಗೆ ಆಯ್ಕೆಯಾದ ಕನೆಕ್ಟಿಕಟ್ ವಿಶ್ವವಿದ್ಯಾಲಯವು ಕರಾರಿನಂತೆ 17,500 ಟಿಕೆಟ್‌ಗಳ ಹೊಣೆ ಹೊರಬೇಕಾಯಿತು. ಪಂದ್ಯವಾದರೋ ದೂರದ ಅರಿಜೋನಾದಲ್ಲಿ. ಮರುಮಾರಾಟದ ಪೇಟೆಯಲ್ಲಿ ಅದೇ ಪಂದ್ಯದ ಟಿಕೆಟ್‌ಗಳು ಅಗ್ಗವಾಗಿ ದೊರೆಯುತ್ತಿದ್ದವು. ವಿಶ್ವವಿದ್ಯಾಲಯದ ಪಾಲಿನ ಬಹುಭಾಗ ಮಾರಾಟವಾಗದೆ ಉಳಿದು, ನಷ್ಟವು ಹತ್ತು ಲಕ್ಷ ಡಾಲರ್ ಮೀರಿತು. ಮೈದಾನದಲ್ಲಿಯೂ ಒಕ್ಲಹೋಮಾ 48-20ರಿಂದ ಜಯಗಳಿಸಿತು.

ಕನಿಷ್ಠ ಖರೀದಿಯ ಷರತ್ತುಳ್ಳ ಡೀಲರ್‌ಶಿಪ್ ಪಡೆಯುವ ಸದಸ್ಯರಿಗೂ ಇದೇ ಪಾಠ: ಉಳಿದ ಸರಕಿನ ಭಾರ ಯಾರದೆಂಬುದನ್ನು ಸಹಿಗೆ ಮುನ್ನವೇ ಅರಿಯತಕ್ಕದ್ದು.