ಮಾತ್ರೆ ಪುಡಿ ಮಾಡುವ ಮುನ್ನ ಒಮ್ಮೆ ಕೇಳಿ



“ಅಜ್ಜನಿಗೆ ಮಾತ್ರೆ ನುಂಗಲು ಆಗುವುದಿಲ್ಲ, ಪುಡಿ ಮಾಡಿ ಗಂಜಿಯಲ್ಲಿ ಕಲಸಿ ಕೊಡುತ್ತೇವೆ.” ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆಯಿಂದ ಬರುವ ಮನೆಮಂದಿ ನಮಗೆ ಆಗಾಗ ಹೇಳುವ ಮಾತಿದು. ಪ್ರೀತಿಯಿಂದ ಮಾಡುವ ಸೇವೆಯೇ ಸರಿ. ಆದರೆ ಕೆಲವು ಮಾತ್ರೆಗಳನ್ನು ಹೀಗೆ ಕೊಟ್ಟರೆ ರೋಗಿಗೆ ಅಪಾಯವಾಗಬಹುದು.

ಮದ್ದು ಬೇಕಾದಲ್ಲಿಗೆ ತಲುಪಬೇಕು

ಅಡಿಕೆಗೆ ಕೊಳೆರೋಗ ಬಾರದಂತೆ ಬೋರ್ಡೋ ದ್ರಾವಣ ಬಿಡುವಾಗ ಅದನ್ನು ತೋಟಕ್ಕೆಲ್ಲ ಸುರಿಯುವುದಿಲ್ಲ. ಗೊನೆಗೆ ಬೀಳುವಂತೆ ನೋಡಿಕೊಳ್ಳುತ್ತೀರಿ. ಔಷಧದ ವಿಷಯದಲ್ಲೂ ಹಾಗೆಯೇ. ಅದು ಬೇಕಾದ ಜಾಗಕ್ಕೆ, ಬೇಕಾದ ಹೊತ್ತಿಗೆ, ಬೇಕಾದಷ್ಟೇ ಸಿಗಬೇಕು. ಇದಕ್ಕಾಗಿ ಮಾತ್ರೆಗಳಲ್ಲಿ ಪಾಲಿಮರ್ ಎಂಬ ವಸ್ತುಗಳನ್ನು ಬಳಸುತ್ತಾರೆ.

ಗ್ಯಾಸ್ಟ್ರಿಕ್‌ಗೆ ಕೊಡುವ ಪ್ಯಾಂಟೊಪ್ರಜೋಲ್ ಮಾತ್ರೆಯ ಹೊರಪದರ ಹೊಟ್ಟೆಯ ಆಮ್ಲದಲ್ಲಿ ಕರಗುವುದಿಲ್ಲ; ಆಮ್ಲ ಕಡಿಮೆಯಿರುವ ಸಣ್ಣ ಕರುಳಿನಲ್ಲಿ ಕರಗುತ್ತದೆ. ಪುಡಿ ಮಾಡಿದರೆ ಮದ್ದು ಹೊಟ್ಟೆಯಲ್ಲೇ ಕೆಟ್ಟುಹೋಗುತ್ತದೆ.

ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್ ಎಸ್.ಆರ್. ಮಾತ್ರೆಯೊಳಗಿನ ಪಾಲಿಮರ್ ನೀರು ಹೀರಿ ಲೋಳೆಯಂತೆ ಉಬ್ಬುತ್ತದೆ. ಅದರಿಂದ ಮದ್ದು ಗಂಟೆಗಟ್ಟಲೆ ನಿಧಾನವಾಗಿ ಹೊರಬರುತ್ತದೆ. ಮಲದಲ್ಲಿ ಮಾತ್ರೆಯಂಥ ಮೆತ್ತನೆಯ ವಸ್ತು ಕಂಡರೆ ಗಾಬರಿ ಬೇಡ. ಅದು ಮದ್ದು ಬಿಟ್ಟುಕೊಟ್ಟ ಖಾಲಿ ಹೊದಿಕೆ ಇರಬಹುದು. ಪುಡಿ ಮಾಡಿದರೆ ಅಷ್ಟೂ ಮದ್ದು ಒಮ್ಮೆಲೇ ಬಿಡುಗಡೆಯಾಗುತ್ತದೆ. ರಕ್ತದೊತ್ತಡದ ನಿಫೆಡಿಪಿನ್ ರಿಟಾರ್ಡ್ ಮಾತ್ರೆಯಲ್ಲಿ ಹೀಗಾದರೆ ಒತ್ತಡ ಥಟ್ಟನೆ ಇಳಿದು ರೋಗಿ ಕುಸಿದು ಬೀಳಬಹುದು.

ಇಂಜೆಕ್ಷನ್‌ನಲ್ಲೂ ಹೊದಿಕೆ

ಮಿಲಿಮೀಟರಿನ ಹತ್ತು ಲಕ್ಷದಲ್ಲಿ ಒಂದು ಪಾಲು ಒಂದು ನ್ಯಾನೋಮೀಟರ್. ಸುಮಾರು 100 ನ್ಯಾನೋಮೀಟರ್ ಗಾತ್ರದ ಕೊಬ್ಬಿನ ಗುಳ್ಳೆಯೊಳಗೆ ಮದ್ದು ತುಂಬಿದರೆ ಅದನ್ನು ಲಿಪೋಸೋಮ್ ಔಷಧ ಎನ್ನುತ್ತಾರೆ. ಕ್ಯಾನ್ಸರಿನ ಡಾಕ್ಸೊರುಬಿಸಿನ್ ಈ ರೂಪದಲ್ಲಿ 1995ರಲ್ಲಿ ಅಮೆರಿಕದಲ್ಲಿ ಮಾನ್ಯತೆ ಪಡೆಯಿತು. ಇದರಿಂದ ಹೃದಯಕ್ಕೆ ಆಗುವ ಹಾನಿ ಕಡಿಮೆ. 2021ರಲ್ಲಿ ಕಪ್ಪು ಶಿಲೀಂಧ್ರ ರೋಗಕ್ಕೆ ಕೊಟ್ಟ ಲಿಪೋಸೋಮಲ್ ಆಂಫೊಟೆರಿಸಿನ್ ಮೂತ್ರಪಿಂಡಕ್ಕೆ ಹಳೆಯ ರೂಪಕ್ಕಿಂತ ಸೌಮ್ಯ. ಆದರೂ ಇವು ಅಡ್ಡಪರಿಣಾಮವೇ ಇಲ್ಲದ ಮದ್ದುಗಳಲ್ಲ. ಲಿಪೋಸೋಮಲ್ ಡಾಕ್ಸೊರುಬಿಸಿನ್ ಪಡೆದವರಿಗೆ ಅಂಗೈ, ಅಂಗಾಲು ಕೆಂಪಾಗಿ ಉರಿದರೆ ಕೂಡಲೇ ತಿಳಿಸಿ. ಎರಡು ರೂಪಗಳ ಪ್ರಮಾಣ ಬೇರೆ ಬೇರೆಯಾದ್ದರಿಂದ ಆಸ್ಪತ್ರೆ ಬದಲಿಸುವಾಗ ಡಿಸ್ಚಾರ್ಜ್ ಚೀಟಿ ತಪ್ಪದೆ ಒಯ್ಯಿರಿ.

ನೀವು ಮಾಡಬೇಕಾದುದು

1. ಮಾತ್ರೆಯ ಹೆಸರಿನೊಂದಿಗೆ ಎಸ್.ಆರ್., ಇ.ಆರ್., ಎಕ್ಸ್.ಆರ್., ಸಿ.ಆರ್., ಎಂ.ಆರ್., ರಿಟಾರ್ಡ್ ಅಥವಾ ಎಂಟೆರಿಕ್ ಕೋಟೆಡ್ ಎಂದಿದ್ದರೆ ಪುಡಿ ಮಾಡಬೇಡಿ, ಜಗಿಯಬೇಡಿ.

2. ಗೆರೆಯಿರುವ ಕೆಲವನ್ನು ಎರಡು ಹೋಳು ಮಾಡಬಹುದು. ಆದರೆ ಕೇಳಿಯೇ ಮಾಡಿ.

3. ನುಂಗಲು ಕಷ್ಟವಿದ್ದರೆ, ಮೂಗಿನ ನಳಿಕೆಯಲ್ಲಿ ಆಹಾರ ಕೊಡುತ್ತಿದ್ದರೆ ವೈದ್ಯರಿಗೆ ಮೊದಲೇ ಹೇಳಿ. ಅನೇಕ ಮದ್ದುಗಳಿಗೆ ಸಿರಪ್ ಅಥವಾ ಬೇರೆ ಮಾತ್ರೆ ಸಿಗುತ್ತದೆ. ಮದ್ದನ್ನು ನೀವಾಗಿಯೇ ನಿಲ್ಲಿಸಬೇಡಿ.

4. ಮುಂದಿನ ಭೇಟಿಗೆ ಎಲ್ಲ ಮಾತ್ರೆಗಳ ಪಟ್ಟಿಗಳನ್ನು ಹೆಸರು ಹರಿಯದಂತೆ ಚೀಲದಲ್ಲಿ ತನ್ನಿ.

ಸಂಕೋಚ ಬೇಡ. ಕೇಳಿದರೆ ವಿವರಿಸಿ ಹೇಳುವುದು ದಾದಿಯರ ಕಾಯಕ. ಎಲ್ಲರಿಗೂ ಒಳಿತಾಗಲಿ.