ಅರವತ್ತನಾಲ್ಕು ಮನೆ, ಒಂದೇ ಕುದುರೆ

ಅಡುಗೆಮನೆಯ ಡಬ್ಬಿಯಿಂದ ಅರವತ್ತನಾಲ್ಕು ಹುಣಸೆಬೀಜ ಎಣಿಸಿಕೊಳ್ಳಿ. ಚೆಸ್ ಬೋರ್ಡು ಬಿಚ್ಚಿ, ಮಿಕ್ಕ ಕಾಯಿಗಳನ್ನೆಲ್ಲ ಡಬ್ಬಿಗೆ ಹಾಕಿ, ಕುದುರೆಯೊಂದನ್ನು ಮಾತ್ರ ಉಳಿಸಿಕೊಳ್ಳಿ. ಅದರ ನಡೆ ಗೊತ್ತಲ್ಲ: ಎರಡು ಮನೆ ನೇರ, ಒಂದು ಮನೆ ಪಕ್ಕಕ್ಕೆ. ಕುದುರೆ ಕಾಲಿಟ್ಟ ಮನೆಗೆಲ್ಲ ಒಂದೊಂದು ಬೀಜ. ಬೀಜ ಬಿದ್ದ ಮನೆಗೆ ಮತ್ತೆ ಹೋಗುವಂತಿಲ್ಲ. ಅರವತ್ತನಾಲ್ಕು ಬೀಜವೂ ಖರ್ಚಾಗಬೇಕು. ಇಷ್ಟೇ ಒಗಟು.

ಮೊದಲ ಸಲ ಕೂತಾಗ ನನ್ನ ಕುದುರೆ ಐವತ್ತೇಳನೇ ಬೀಜಕ್ಕೆ ಕಾಲು ಮುರಿದುಕೊಂಡು ನಿಂತಿತು. ಸುತ್ತಮುತ್ತ ಎಲ್ಲ ಕಡೆ ಬೀಜ. ಖಾಲಿ ಉಳಿದ ಏಳು ಮನೆಗಳಲ್ಲಿ ಎರಡು ಮೂಲೆಯವು. ತಪ್ಪು ಎಲ್ಲಿ ಆಗಿತ್ತು ಅನ್ನುವುದು ಆಗ ಹೊಳೆಯಿತು. ನಡುಮನೆಯಲ್ಲಿ ನಿಂತ ಕುದುರೆಗೆ ಎಂಟು ದಾರಿ, ಮೂಲೆಯಲ್ಲಿ ನಿಂತದ್ದಕ್ಕೆ ಎರಡೇ. ಆ ಎರಡನ್ನೂ ಮೊದಲೇ ತುಳಿದುಬಿಟ್ಟರೆ ಮೂಲೆಗೆ ಹೋಗುವ ಬಾಗಿಲೇ ಇಲ್ಲ. ವಾರ್ನ್ಸ್‌ಡಾರ್ಫ್ ಎಂಬ ಜರ್ಮನ್ನನು 1823ರಲ್ಲಿ ಇದಕ್ಕೊಂದು ಉಪಾಯ ಬರೆದಿಟ್ಟ: ಮುಂದಿನ ನೆಗೆತಕ್ಕೆ ಸಿಗುವ ಮನೆಗಳಲ್ಲಿ ಯಾವುದರಿಂದ ಹೊರಡುವ ದಾರಿ ಕಡಿಮೆಯೋ ಅಲ್ಲಿಗೇ ಹೋಗು. ಬಡಮನೆಗೆ ಮೊದಲು, ಸಿರಿವಂತರ ಮನೆಗೆ ಆಮೇಲೆ. ಇದನ್ನು ಹಿಡಿದು ಹೊರಟೆ, ಬೀಜ ಮುಗಿಯಿತು. ಸ್ವಲ್ಪ ಬೇಜಾರೂ ಆಯಿತು ಅನ್ನಿ, ಕಳ್ಳದಾರಿಯಲ್ಲಿ ಬೆಟ್ಟ ಹತ್ತಿದ ಹಾಗೆ.

ಸರಿ, ಇಂಥ ಓಟಗಳು ಒಟ್ಟು ಎಷ್ಟಿರಬಹುದು? ಮುಂದೆ ಓದುವ ಮೊದಲು ಒಂದು ಅಂದಾಜು ಮನಸ್ಸಿನಲ್ಲಿ ಇಟ್ಟುಕೊಳ್ಳಿ.

ಮೊದಲು ಚಿಕ್ಕ ಹಾಸಿನಲ್ಲಿ ನೋಡೋಣ. ಆರಕ್ಕೆ ಆರು, ಅಂದರೆ 36 ಮನೆ. ಕೊನೆಯ ಮನೆಯಿಂದ ಒಂದೇ ನೆಗೆತಕ್ಕೆ ಹೊರಟಲ್ಲಿಗೇ ಬಂದು ಸೇರುವ ಸುತ್ತುಗಳನ್ನಷ್ಟೇ ಲೆಕ್ಕಕ್ಕೆ ಹಿಡಿದರೆ ಅಲ್ಲಿರುವುದು 9,862. ಯಾವ ಕಡೆಯಿಂದ ಓಡಿದರೂ ಒಂದೇ ಸುತ್ತು ಎಂದು ಲೆಕ್ಕ. ಎಂಟಕ್ಕೆ ಎಂಟು ಮಾಡಿದರೆ ಮನೆಗಳು ಎರಡರಷ್ಟೂ ಆಗುವುದಿಲ್ಲ. ಸುತ್ತುಗಳು ಮಾತ್ರ 1,32,67,36,44,10,532. ಹದಿಮೂರು ಲಕ್ಷ ಇಪ್ಪತ್ತಾರು ಸಾವಿರ ಕೋಟಿಗೂ ಮೇಲೆ.

ಈ ಸಂಖ್ಯೆ ಕಣ್ಣಿಗೆ ಬೀಳುತ್ತದೆ, ತಲೆಗೆ ಇಳಿಯುವುದಿಲ್ಲ. ಹೀಗೆ ಮಾಡಿ: ಸೆಕೆಂಡಿಗೊಂದು ಸುತ್ತಿನ ಚಿತ್ರ ಬರೆಯುತ್ತ ಕೂರಿ. ಊಟ, ನಿದ್ದೆ, ಹಬ್ಬ ಯಾವುದೂ ಬೇಡ. ಮುಗಿಯುವುದಕ್ಕೆ ಸುಮಾರು 4,20,000 ವರ್ಷ. ನಮ್ಮ ಪಂಚಾಂಗದ ಕಲಿಯುಗಕ್ಕೆ 4,32,000 ವರ್ಷ. ಕಲಿಯುಗದ ಮೊದಲ ಸೆಕೆಂಡಿಗೆ ಪೆನ್ಸಿಲ್ ಹಿಡಿದವನಿಗೆ ಯುಗ ಮುಗಿಯುವ ಮುನ್ನ ಹನ್ನೆರಡು ಸಾವಿರ ವರ್ಷದ ರಜೆ ಸಿಕ್ಕೀತು.

ಹೊರಟಲ್ಲಿಗೆ ಮರಳಬೇಕೆಂಬ ಷರತ್ತು ಬಿಟ್ಟು, ಎಲ್ಲಿ ಬೇಕಾದರೂ ಹೊರಟು ಎಲ್ಲಿ ಬೇಕಾದರೂ ನಿಲ್ಲಲಿ ಅಂದರೆ ಆ ರಜೆಯೂ ಹೋಯಿತು. 19,59,18,28,17,09,79,904 ಓಟಗಳು; ಇಲ್ಲಿ ದಿಕ್ಕು ಬದಲಾದರೆ ಬೇರೆ ಓಟವೆಂದೇ ಲೆಕ್ಕ. ಸುಮಾರು 196 ಕೋಟಿ ಕೋಟಿ. ಸೆಕೆಂಡಿಗೊಂದರಂತೆ 62 ಕೋಟಿ ವರ್ಷ. ಅಷ್ಟು ಹಿಂದೆ ಭೂಮಿಯ ಮೇಲೆ ಕುದುರೆಯಿರಲಿ, ಬೆನ್ನುಮೂಳೆಯಿದ್ದ ಒಂದು ಮೀನೂ ಇರಲಿಲ್ಲ. ಈ ಲೆಕ್ಕ ಕೈಗೆ ಸಿಕ್ಕಿದ್ದೇ 2014ರಲ್ಲಿ.

ಎಣಿಸಿದವರೂ ಎಡವಿದ್ದಾರೆ. 1996ರಲ್ಲಿ ಲಾಬಿಂಗ್ ಮತ್ತು ವೆಗೆನರ್ ಎಂಬ ಇಬ್ಬರು ಜರ್ಮನ್ ವಿದ್ವಾಂಸರು ಹೊರಟಲ್ಲಿಗೇ ಮರಳುವ ಸುತ್ತುಗಳನ್ನು ಕಂಪ್ಯೂಟರಿನಿಂದ ಎಣಿಸಿ, ಸಿಕ್ಕ ಸಂಖ್ಯೆಯನ್ನು ಪ್ರಬಂಧದ ತಲೆಬರಹದಲ್ಲೇ ಹಾಕಿದರು: 3,34,39,12,34,84,294. ಈಗ ನಾಲ್ಕರ ಭಾಗಾಕಾರಕ್ಕೆ ಶಾಲೆಯಲ್ಲಿ ಕಲಿತ ಸೂತ್ರ ನೆನಪಿಸಿಕೊಳ್ಳಿ. ಕೊನೆಯ ಎರಡು ಅಂಕಿ ನೋಡಿದರೆ ಸಾಕು. 94, ನಾಲ್ಕರಿಂದ ಭಾಗವಾಗದು. ಆದರೆ ಉತ್ತರ ಭಾಗವಾಗಲೇಬೇಕು! ಒಂದು ಸುತ್ತನ್ನು ಬರೆದು ಹಾಳೆಯನ್ನು ಕಾಲು ಕಾಲಾಗಿ ತಿರುಗಿಸಿ, ಕನ್ನಡಿಗೂ ಹಿಡಿಯಿರಿ. ಸಾಮಾನ್ಯವಾಗಿ ಎಂಟು ಬೇರೆ ಬೇರೆ ಸುತ್ತು ಸಿಗುತ್ತವೆ. ಅರ್ಧ ತಿರುಗಿಸಿದರೂ ಹಾಗೇ ಕಾಣುವ ಸುತ್ತಾದರೆ ನಾಲ್ಕು. ಎಂಟರ ಹಾಸಿನಲ್ಲಿ ನಾಲ್ಕಕ್ಕಿಂತ ಚಿಕ್ಕ ಗುಂಪು ಇಲ್ಲ. (ಆರರ ಹಾಸಿನಲ್ಲಿ ಕಾಲು ತಿರುವಿಗೂ ಬದಲಾಗದ ಸುತ್ತುಗಳುಂಟು, ಆದ್ದರಿಂದ 9,862ಕ್ಕೆ ಈ ಕಟ್ಟುಪಾಡಿಲ್ಲ.) ಮರುವರ್ಷ ಬ್ರೆಂಡನ್ ಮೆಕೇ ಎಂಬವರು ಸರಿಯಾದ ಸಂಖ್ಯೆ ಕೊಟ್ಟರು. ಅದರ ಕೊನೆಯ ಎರಡು ಅಂಕಿ 32. ಎಣಿಸಿ ಮುಗಿಸಲು ಯುಗ ಬೇಕಾದ ಲೆಕ್ಕದ ತಪ್ಪು ಐದನೇ ಕ್ಲಾಸಿನ ಸೂತ್ರಕ್ಕೆ ಸಿಕ್ಕಿಬಿತ್ತು ಅನ್ನುವುದೇ ನನಗೆ ಇಡೀ ಕಥೆಯಲ್ಲಿ ರುಚಿಯಾದ ಭಾಗ.

ಈ ಕುದುರೆ ನಮಗೆ ಹೊಸದೇನಲ್ಲ. ಒಂಬತ್ತನೇ ಶತಮಾನದ ಕಾಶ್ಮೀರದ ರುದ್ರಟ ತನ್ನ ‘ಕಾವ್ಯಾಲಂಕಾರ’ದಲ್ಲಿ ಅರ್ಧ ಹಾಸಿನ 32 ಮನೆಗೆ 32 ಅಕ್ಷರದ ಶ್ಲೋಕ ಕೂರಿಸಿದ್ದಾನೆ. ಸಾಲಾಗಿ ಓದಿದರೂ ಅದೇ, ಕುದುರೆಯ ನಡೆಯಲ್ಲಿ ಓದಿದರೂ ಅದೇ. ಗಣಿತಜ್ಞ ಆಯ್ಲರ್ ಈ ಒಗಟಿಗೆ ಕೈ ಹಾಕಿದ್ದು ಹದಿನೆಂಟನೇ ಶತಮಾನದಲ್ಲಿ.

ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರಿಗಂತೂ ಇದು ಗೀಳು. 1831ರಲ್ಲಿ ಬ್ರಿಟಿಷರು ಆಡಳಿತವನ್ನು ಕಿತ್ತುಕೊಂಡ ಮೇಲೆ ಅರಸರಿಗೆ ಉಳಿದದ್ದು ಅರಮನೆ, ಸಾಹಿತ್ಯ, ಸಂಗೀತ ಮತ್ತು ಆಟ. ಜಗನ್ಮೋಹನ ಅರಮನೆಯ ಗೋಡೆಗಳ ಮೇಲೆ ಆ ಆಟದ ಹಾಸುಗಳು ಇಂದಿಗೂ ಚಿತ್ರವಾಗಿ ಇವೆ. ಕುದುರೆ ಓಡಿದ ಕ್ರಮದಲ್ಲಿ ಮನೆಗಳಿಗೆ 1ರಿಂದ 64ರವರೆಗೆ ಅಂಕಿ ಹಾಕಿದರೆ ಪ್ರತಿ ಅಡ್ಡಸಾಲು, ಪ್ರತಿ ಉದ್ದಸಾಲು ಕೂಡಿದಾಗ 260 ಬರಬೇಕು, ಅಂಥ ಮಾಯಾಚೌಕದ ಓಟವೂ ಅವರ ಹೆಸರಿನಲ್ಲಿದೆ. ಯುರೋಪಿನಲ್ಲಿ ಇಂಥದು ಮೊದಲು ಅಚ್ಚಾದದ್ದು 1848ರಲ್ಲಿ, ಬೆವರ್ಲಿ ಎಂಬುವನದು.

ಎಷ್ಟು ದೊಡ್ಡ ಕಣಜದಿಂದ ಅರಸರು ಕಾಳು ಆರಿಸಿದರು ನೋಡಿ. ತಿರುಗಿಸಿದ್ದು, ಕನ್ನಡಿಯದ್ದು ಬಿಟ್ಟರೆ ಇಂಥ ಓಟಗಳಿರುವುದು ಬರೀ 140. ಎರಡು ಕರ್ಣಗಳೂ 260 ಆಗುವ ಓಟ? 2003ರಲ್ಲಿ ಕಂಪ್ಯೂಟರುಗಳು ಎರಡು ತಿಂಗಳ ದುಡಿಮೆಯಷ್ಟು ಹುಡುಕಿ ಹೇಳಿದವು, ಒಂದೂ ಇಲ್ಲ.

ಇನ್ನೊಂದು ಸೊನ್ನೆಗೆ ಕಂಪ್ಯೂಟರೇ ಬೇಡ. ಕುದುರೆಯನ್ನು ಒಂದು ಮೂಲೆಯಲ್ಲಿ ನಿಲ್ಲಿಸಿ. ಎಲ್ಲ ಮನೆ ಸುತ್ತಿ, ಕೊನೆಯ ಬೀಜ ಕರ್ಣದ ಆ ತುದಿಯ ಮೂಲೆಯಲ್ಲಿ ಬೀಳಬೇಕು. ಹುಣಸೆಬೀಜ ಸವೆಯುವವರೆಗೆ ಕೂರುವ ಮೊದಲು ಬೋರ್ಡಿನ ಬಣ್ಣ ನೋಡಿ. ಕುದುರೆ ನೆಗೆದಾಗಲೆಲ್ಲ ಬಿಳಿಯಿಂದ ಕಪ್ಪಿಗೆ, ಕಪ್ಪಿನಿಂದ ಬಿಳಿಗೆ. ಅರವತ್ತನಾಲ್ಕು ಮನೆಗೆ ನೆಗೆತ ಅರವತ್ತಮೂರು, ಬೆಸ. ಬಿಳಿಯಲ್ಲಿ ಹೊರಟದ್ದು ಕಪ್ಪಿನಲ್ಲೇ ನಿಲ್ಲಬೇಕು. ಎದುರುಬದುರು ಮೂಲೆಗಳಿಗೆ ಒಂದೇ ಬಣ್ಣ. 196 ಕೋಟಿ ಕೋಟಿ ಓಟಗಳಲ್ಲಿ ಒಂದೇ ಒಂದು ಕುದುರೆಯೂ ಆ ಮೂಲೆಯಿಂದ ಈ ಮೂಲೆಗೆ ಬಂದು ನಿಂತಿಲ್ಲ.